ಮೊದಲ ಸಪ್ಪಳ ಅರ್ಧಕ್ಕ

ಹೋದ ಚಳಿಗಾಲದ ಮಾತು. ಬೀದರಿನಿಂದ ಬಂದ ಕಡೇ ಬಸ್ಸು ಶಿವಕಾಂತಾಳನ್ನು ರಸ್ತೆ ಕೂಡುವ ಫಾಟಾದಲ್ಲಿ ಇಳಿಸಿ ಹೋಯಿತು. ಶಿವಕಾಂತಾ ನನ್ನ ಚಿಕ್ಕಪ್ಪನ ಮಗಳು. ಔರಾದ ತಾಲೂಕಿನ ಚಿಂತಾಕಿ ಕಡೆ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ನರ್ಸು. ಊರ ಹೆಸರು ಹೇಳುವುದಿಲ್ಲ. ಫಾಟಾದಿಂದ ಆಕೆಯ ಖೋಲಿಗೆ ಒಂದು ಮೈಲಿ. ನಡುವೆ ಒಂದು ಹಾಳು ಬಾವಿ. ಅದರ ಮೇಲೆ ಬಾಗಿದ ಬೇವಿನ ಮರ.

ಬಾವಿಯ ಹತ್ತಿರ ಬಂದಾಗ ಚೀಲದೊಳಗೆ ಸಪ್ಪಳ.

ಟಿಕ್... ಟಿಕ್... ಟಿಕ್...

ಆಕೆಗೆ ಗೊತ್ತಿದ್ದ ಸಪ್ಪಳವೇ. ಕೂಸುಗಳ ಉಸಿರು ಎಣಿಸುವಾಗ ಹೊತ್ತು ಅಳೆಯಲು ಕೊಟ್ಟ ಅಂಗೈಯಷ್ಟು ಯಂತ್ರ. ಗುಂಡಿ ಒತ್ತಿದರೆ ಮಾತ್ರ ನಡೆಯುತ್ತದೆ. ಯಾರೂ ಒತ್ತಿರಲಿಲ್ಲ.

ಇಲ್ಲಿ ನನ್ನ ವಿಷಯ ಬರುತ್ತದೆ. ಬಿಟ್ಟು ಮುಂದೆ ಹೋಗುವಂತಿಲ್ಲ.

ಆ ಯಂತ್ರ ಕೊಟ್ಟದ್ದು ಬೀದರಿನ ತರಬೇತಿಯಲ್ಲಿ. ತೀರಾ ಜಡ್ಡಾದ ಕೂಸು ಬಂದರೆ ಏನು ನೋಡಬೇಕು, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ನರ್ಸುಗಳಿಗೆ ಎರಡು ದಿನ ಕಲಿಸಿದರು. ಎರಡನೆಯ ದಿನವೇ ಬೀದರಿನಲ್ಲಿ ನನ್ನ ಹೊಲಿಗೆ ಅಂಗಡಿ ಶುರುವಾಗುವುದಿತ್ತು. ಶಿವಕಾಂತಾಳಿಗೆ ಫೋನು ಮಾಡಿದೆ.

"ಸಹಿ ಮಾಡಿ ಎದ್ದ ಬಾ."

"ಅಕ್ಕಾ, ಮಧ್ಯಾಹ್ನ ಉಸಿರು ಎಣಸೂದು ಕಲಸ್ತಾರ."

"ಹನ್ನೆರಡು ವರ್ಷ ಸೂಜಿ ಚುಚ್ಚೀದಿ, ಎಣಸಲಾಕ ಬರಂಗಿಲ್ಲೇನು? ನಾ ಸಾಲಿ ಮಾರಿ ನೋಡಲಾರದ ಓದಲಾಕ ಕಲತೇನಿ. ನನಗ್ಯಾರು ತರಬೇತಿ ಕೊಟ್ಟಾರ?"

ಬಂದಳು. ಶೇಂಗಾ ಹೋಳಿಗೆ ತಿಂದು ಹೋದಳು.

ಒಂದು ತಿಂಗಳಿಗೆ ರುಖ್ಸಾರ ಎನ್ನುವ ಹೆಣ್ಣುಮಗಳು ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಕೂಸಿನ ಹೆಸರು ಮುಬಶ್ಶೀರ. ಡಾಕ್ಟರು ಇರಲಿಲ್ಲ. ಶಿವಕಾಂತಾ ಕೂಸಿನ ಅಂಗಿ ಎತ್ತಿ, ಗುಂಡಿ ಒತ್ತಿ, ಎಣಿಸಿದಳು. ಯಂತ್ರ ಪೀಂ ಎಂದಿತು. ಎಣಿಸುವುದು ನಿಲ್ಲಿಸಿದಳು.

"ಆಯ್ತೇನ್ರಿ ನರ್ಸಬಾಯಿ?"

"ಆಯ್ತವಾ. ಇಪ್ಪತ್ತೊಂಬತ್ತು. ಚೊಲೋ ಅದ. ನೆಗಡಿ ಅಷ್ಟ."

ಬೆಳಗಾಗುವುದರೊಳಗೆ ಕೂಸು ಹೋಯಿತು.

ಲೆಕ್ಕ ಸರಿ ಇದ್ದ ಕೂಸು ಹ್ಯಾಗೆ ಹೋಯಿತು? ಆ ಪ್ರಶ್ನೆ ಆಕೆಯನ್ನು ಬಿಡಲಿಲ್ಲ. ಕೊನೆಗೆ ಬೀದರಿಗೆ ಹೋಗಿ, ತರಬೇತಿ ಕೊಟ್ಟ ಸಂಘಪಾಲ ಸರ್ ಅವರನ್ನು ಕೇಳಿದಳು.

"ಮೊದಲ ಸಪ್ಪಳ ಅರ್ಧ ನಿಮಿಷಕ್ಕ, ಬಾಯಿ. ಪೂರಾ ಆದ್ರ ಎರಡು ಸಲ ಒದರ್ತದ. ಅಷ್ಟು ಸಣ್ಣ ಕೂಸಿಗಿ ಐವತ್ತು ಮುಟ್ತಂದ್ರ ನಿಮೋನಿಯಾ ಅಂತ ತಿಳೀಬೇಕು. ಅವತ್ತು ಮಧ್ಯಾಹ್ನ ನೀವು ಇರಲಿಲ್ಲೇನ್ರಿ?"

ಇಪ್ಪತ್ತೊಂಬತ್ತು ಅರ್ಧದ ಲೆಕ್ಕ. ಪೂರಾ ಐವತ್ತೆಂಟು.

ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಆಕೆ ಅವತ್ತು ಕಡೇ ಬಸ್ಸು ಹತ್ತಿದ್ದು. ಬಾವಿಯ ಹತ್ತಿರ ನಿಂತದ್ದು.

ಟಿಕ್... ಟಿಕ್... ಅದರ ನಡುವೆ ಬಾವಿಯ ಕಡೆಯಿಂದ ಇನ್ನೊಂದು ಸಪ್ಪಳ. ಹುಸ್... ಹ್ಞ. ಹುಸ್... ಹ್ಞ. ಉಸಿರಿಗೆ ಒದ್ದಾಡುವ ಕೂಸು ನರಳುವ ಸಪ್ಪಳ. ಶಿವಕಾಂತಾ ನಿಂತಲ್ಲೇ ಎಣಿಸತೊಡಗಿದಳು. ಇಪ್ಪತ್ತೊಂಬತ್ತಕ್ಕೆ ಪೀಂ.

ಕತ್ತಲಲ್ಲಿ ಯಾರೋ ಪಿಸುಗುಟ್ಟಿದರು. ರುಖ್ಸಾರಳ ದನಿ.

"ಆಯ್ತೇನ್ರಿ ನರ್ಸಬಾಯಿ?"

"ಇಲ್ಲವಾ... ಇನ್ನ ಅರ್ಧ ಅದ."

ಮತ್ತೆ ಎಣಿಸಿದಳು. ಐವತ್ತೆಂಟಕ್ಕೆ ಉಸಿರು ನಿಂತಿತು. ಪೀಂ ಪೀಂ. ಟಾರ್ಚು ಹಾಕಿದರೆ... ಯಾರೂ ಇಲ್ಲ. ರುಖ್ಸಾರ ಭಾಲ್ಕಿಯ ತವರಿಗೆ ಹೋಗಿ ಆಗಲೇ ಹದಿನೈದು ದಿನವಾಗಿತ್ತು.

ಅದೇ ರಾತ್ರಿ ನನಗೆ ಫೋನು ಬಂತು.

"ಅಕ್ಕಾ, ಭಾಲ್ಕಿಗಿ ಹೋಗಿ ರುಖ್ಸಾರಗ ಹೇಳಿ ಬರ್ತೇನಿ."

"ಹುಚ್ಚಿ ಇದ್ದೀಯೇನು? ನೌಕರಿ ಹೋಗ್ತದ. ಬಾಯಿ ಮುಚ್ಚಿಕೊಂಡು ಮಲಕೋ."

"ನೀ ಕರದಿದ್ದು ಹೇಳಂಗಿಲ್ಲ. ಅಂಜಬ್ಯಾಡ."

ಆಕೆಯ ನೌಕರಿಯ ಹೆಸರಿನಲ್ಲಿ ನಾನು ಅಂಜಿದ್ದು ನನಗಾಗಿಯೇ. ಅದು ಆಕೆಗೆ ತಿಳಿದಿತ್ತು.

ಹೋದಳು. ಹೇಳಿದಳು. ರುಖ್ಸಾರ ಏನೆಂದಳೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬರುವಾಗ ಅಂಗಡಿಗೆ ಬಂದು, ಆ ಯಂತ್ರವನ್ನು ನನ್ನ ಹೊಲಿಗೆ ಮಷೀನಿನ ಮೇಲೆ ಇಟ್ಟಳು.

"ನನಗ ಹೊಸಾದು ಕೊಟ್ಟಾರ. ಇದು ನಿನ್ನ ಹತ್ರ ಇರಲಿ, ಅಕ್ಕಾ."

ಮೂರನೆಯ ದಿನ, ಶಟರು ಎಳೆಯುವ ಹೊತ್ತಿಗೆ ಟಿಕ್ ಟಿಕ್ ಶುರುವಾಯಿತು. ಹಿಂದಿನ ಮುಚ್ಚಳ ಬಿಚ್ಚಿ ಎರಡೂ ಸೆಲ್ ತೆಗೆದೆ. ನಿಲ್ಲಲಿಲ್ಲ. ಈಗಲೂ ದಿನಾ ಅದೇ ಹೊತ್ತಿಗೆ ನಡೆಯುತ್ತದೆ. ಒಂದು ಸಲ ಪೀಂ ಎನ್ನುತ್ತದೆ. ಶಟರಿನ ಆಚೆಯಿಂದ ಯಾರೋ ಮೆಲ್ಲಗೆ ಕೇಳುತ್ತಾರೆ... "ಆಯ್ತೇನ್ರಿ?" ನಾನು ಗಡಿಯಾರ ನೋಡುತ್ತ ನಿಲ್ಲುತ್ತೇನೆ. ಒಂದು ನಿಮಿಷ. ಎರಡು. ಎರಡನೆಯ ಸಪ್ಪಳ ಇವತ್ತಿನವರೆಗೂ ಬಂದಿಲ್ಲ.

ಕಟ್ಟಿ ಹೇಳಿದ್ದಲ್ಲ ಇದು. ಸೆಲ್ಲುಗಳು ಅಂಗಿ ಗುಂಡಿಯ ಡಬ್ಬಿಯಲ್ಲಿ ಬಿದ್ದಿವೆ, ಬಂದು ಕೈಯಲ್ಲಿ ಹಿಡಿದು ನೋಡಿ. ನನ್ನ ಅಂಗಡಿ ಹುಡುಕುವುದು ಕಷ್ಟವಿಲ್ಲ. ಭಾಲ್ಕಿಯ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ಆ ಬಸ್ಸು ನಾನು ಇನ್ನೂ ಹತ್ತಿಲ್ಲ.