ಇಬ್ಬರು ಸುರಿದ ನೀರು

ಗಿಡ ಕೊಳ್ಳಲು ನರ್ಸರಿಯ ಸಾಲಿನಲ್ಲಿ ನಿಂತ ದರ್ಜಿಗೆ ಮುಂದಿನವರ ಮಾತಿಗೆ ಕಿವಿಗೊಡುವ ಚಪಲ. ಮುಂದಿದ್ದ ಅತ್ತೆ-ಸೊಸೆ ನಿಂಬೆಮರದ ಬೇರಿನ ತುಂಡು ತಂದಿದ್ದರು. ಮಾಲಿ ಅದನ್ನು ಮೂಸಿ ಮುಖ ಕಿವುಚಿದ.

“ಕೊಳೆತಿದೆ. ನೀರು ಜಾಸ್ತಿ.”

“ಬೆಳಿಗ್ಗೆ ಒಂದೇ ಕೊಡ ಹಾಕೋದಪ್ಪ. ತೀರಿಹೋದ ನನ್ನ ಮಗ ನೆಟ್ಟಿದ್ದು,” ಎಂದರು ಅತ್ತೆ.

ಸೊಸೆ ತಲೆ ತಗ್ಗಿಸಿದಳು. “ಸಂಜೆ ನಾನೂ ಹಾಕ್ತಿದ್ದೆ. ಎಲೆ ಹಳದಿಯಾದಾಗ ಬಾಯಾರಿದೆ ಅಂತ ಎರಡೆರಡು ಕೊಡ.”

“ಕಳ್ಳಿ! ಹೇಳೋದಲ್ವೇನೇ?”

“ಮರದ ಮಾತೆತ್ತಿದ್ರೆ ಅವರು ನೆನಪಾಗಿ ನೀವು ಅಳ್ತೀರಿ ಅಂತ ಹೇಳ್ಲಿಲ್ಲ.”

ಮಾಲಿ ಬೇರಿನ ತುಂಡು ಹಿಂದಿರುಗಿಸಿದ. “ಬುಡದ ಮಣ್ಣು ಬಿಡಿಸಿ, ಕಪ್ಪು ಬೇರು ಕತ್ತರಿಸಿ. ಹದಿನೈದು ದಿನ ನೀರು ಬೇಡ. ಬಿಳಿ ಬೇರು ಉಳಿದಿದ್ರೆ ಬದುಕುತ್ತೆ.”

“ಅಷ್ಟು ದಿನ ಬೆಳಿಗ್ಗೆ ಎದ್ದು ಏನ್ಮಾಡ್ಲೇ ನಾನು?”

“ನನ್ನ ಜೊತೆ ಕೂತು ಅತ್ತುಬಿಡಿ,” ಎಂದ ಸೊಸೆ, ಅವರ ಕೈಹಿಡಿದು ಗೇಟು ದಾಟಿಸಿದಳು.