ಒಳಗೆ ಒಬ್ಬರು

ದೊಡ್ಡಮಳೂರು ದಾಟಿ ಒಸಿ ಒಳಗೆ ಹೋದ್ರೆ, ರಸ್ತೆ ತಿರುಗೋ ಜಾಗದಲ್ಲಿ ಒಂದು ಆಲದ ಮರ. ಅದರ ಬುಡದಲ್ಲಿ ಪಾಳು ಬಾವಿ. ದನ ಕರ ಬಿದ್ದಾವು ಅಂತ ಬಾವಿ ಬಾಯಿಗೆ ತಗಡು ಹೊದಿಸಿ, ಮೇಲೆ ಕಲ್ಲು ಹೇರಿದ್ದಾರೆ. ನಮ್ಮ ಚಿಕ್ಕಮ್ಮನ ಮಗ ಸಿದ್ಧಾರ್ಥ ಹೋದ ಬೇಸಿಗೇಲಿ ಕೊನೇ ಬಸ್ಸಿಳಿದು ಆ ದಾರೀಲಿ ಒಬ್ಬನೇ ಬರ್ತಿದ್ದ. ಗಾಳಿ ಇಲ್ಲ. ಒಂದು ನಾಯಿ ಸದ್ದೂ ಇಲ್ಲ...

ಜೇಬಲ್ಲಿ ಫೋನು. ಟಿಂಗ್.

ಏನೂ ಹೊಸದಲ್ಲ. ಅವನು ಚನ್ನಪಟ್ಟಣದ ಕಡೆ ಒಂದು ಮಾವಿನಹಣ್ಣಿನ ರಸದ ಫ್ಯಾಕ್ಟರೀಲಿ ಕಂಪ್ಯೂಟರ್ರು, ಇ-ಮೇಲು ನೋಡ್ಕೊಳ್ಳೋನು. ಅಲ್ಲಿ ರಸ ಇಡೋಕೆ ಕೋಲ್ಡ್ ರೂಮುಗಳಿವೆ. ಯಾವ ರೂಮು ಎಷ್ಟು ತಣ್ಣಗಿದೆ, ಬಾಗಿಲು ಹಾಕಿದೆಯೋ ಇಲ್ಲವೋ ಅಂತ ದಿನಾ ರಾತ್ರಿ ಕಂಪ್ಯೂಟರ್ರು ತಾನಾಗೇ ಮೇಲ್ ಬರೆದು ಆಫೀಸರ್‌ಗಳಿಗೆ ಕಳಿಸ್ತದೆ. ಹಂಗೆ ಕಳಿಸೋಕೆ ಹೇಳ್ಕೊಟ್ಟೋನೂ ಇವನೇ. ಆದ್ರೆ ಆವತ್ತು ಕೊನೇಲಿ ಇವನು ಹಾಕದೇ ಇದ್ದ ಒಂದು ಸಾಲು ಇತ್ತು.

‘ನಾಲ್ಕನೇ ರೂಮು. ಬಾಗಿಲು ಮುಚ್ಚಿದೆ. ಒಳಗೆ: ಒಬ್ಬರು.’

ನಾಲ್ಕನೇ ರೂಮು ಇವನು ಕೆಲಸಕ್ಕೆ ಸೇರೋಕೆ ಮುಂಚಿಂದಲೂ ಬಂದ್. ತಣ್ಣಗೆ ಮಾಡೋ ಮೆಷಿನ್ನಿನ ವೈರೇ ಕತ್ತರಿಸಿ ಹಾಕಿದ್ರು. ಒಳಗೆ ಕ್ಯಾಮೆರಾ ಇಲ್ಲ. ಜನ ಎಣಿಸೋ ಯಂತ್ರ ಅಂತೂ ಯಾವ ರೂಮಲ್ಲೂ ಇಲ್ಲ.

ಓದ್ತಾ ನಿಂತಿದ್ದಾನೆ... ಬಾವಿ ತಗಡಿನ ಕೆಳಗಿಂದ ಸದ್ದು. ದಬ್. ಒಸಿ ಹೊತ್ತು ಬಿಟ್ಟು... ದಬ್. ಅಂಗೈಯಿಂದ ಬಡಿದ ಹಂಗೆ. ತಗಡಿನ ಸಂದಿಯಿಂದ ತಣ್ಣನೆ ಗಾಳಿ ಅವನ ಪಾದದ ಮೇಲೆ ಹರೀತು. ಆಮೇಲೆ ಪಿಸುದನಿ.

“ಸಾರ್... ಬಟನ್ ಒತ್ತಿದೀನಿ ಸಾರ್.”

ಮನೆ ಹೆಂಗೆ ಸೇರಿದೆ ಅನ್ನೋದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ಮ್ಯಾನೇಜರ್ ನಾಗರಾಜು ಇವನಿಗೋಸ್ಕರ ಕಾಯ್ತಿದ್ದ. ಆ ಮೇಲು ಅವನಿಗೂ ಬಂದಿತ್ತು. ಎಲ್ಲರ ಎದುರಿಗೇ ಬಾಯಿಗೆ ಬಂದ ಹಂಗೆ ಬೈದ. ಇದೆಲ್ಲ ನಿನ್ನದೇ ಚೇಷ್ಟೆ, ಆ ರಿಪೋರ್ಟೇ ನಿಲ್ಲಿಸು ಅಂದ. ಸಿದ್ಧಾರ್ಥ ನಿಲ್ಲಿಸಿದ. ರಾತ್ರಿ ಮತ್ತೆ ಬಂತು. ಕಳಿಸೋ ವಿಳಾಸವನ್ನೇ ಅಳಿಸಿ ಹಾಕಿದ. ಆಗಲೂ ಬಂತು. ಯಾವ ಮೇಲ್ ಹೋದ್ರೂ ಸರ್ವರ್ರಲ್ಲಿ ಗುರುತು ಉಳೀಬೇಕು. ಇದಕ್ಕೆ ಗುರುತೇ ಇಲ್ಲ. ಆಮೇಲಾಮೇಲೆ ಅದು ಇವರಿಬ್ಬರ ಫೋನಿಗೆ ಮಾತ್ರ ಬರೋಕೆ ಶುರುವಾಯ್ತು.

ತಡೀಲಾರದೆ ಗೇಟಿನ ವಾಚ್‌ಮನ್ ರಾಮಲಿಂಗಯ್ಯನ್ನ ಕೇಳ್ದ. ಮುದುಕ ಅತ್ತ ಇತ್ತ ನೋಡಿ ಬಾಯಿ ಕಿವಿ ಹತ್ರ ತಂದ.

“ಸಾಬೀರ್ ಕಣಪ್ಪ. ಮೆಷಿನ್ ರಿಪೇರಿಯೋನು, ನೀನು ಬರಾಕೆ ಮುಂಚೆ ಇದ್ದ. ರಾತ್ರಿ ಆ ರೂಮಲ್ಲಿ ಸಿಕ್ಕಾಕಂಡು ಸತ್ತ. ಬೆಳಿಗ್ಗೆ ಗೇಟತ್ರ ತಂದು ಮಲಗ್ಸಿ, ಎದೆನೋವು ಅಂದ್ಬುಟ್ರು.”

ಒಳಗೆ ಸಿಕ್ಕಾಕೊಂಡ್ರೆ ಒತ್ತೋಕೆ ಅಂತ ಪ್ರತಿ ರೂಮಲ್ಲೂ ಒಂದು ಕೆಂಪು ಬಟನ್ ಇರ್ತದೆ. ಒತ್ತಿದ್ರೆ ಆಫೀಸರ್‌ಗಳಿಗೆ ಮೇಲ್ ಹೋಗ್ಬೇಕು. ಸಿದ್ಧಾರ್ಥ ಸರ್ವರ್ರಲ್ಲಿ ಹುಡುಕಿದ. ಹಳೇದೊಂದು ರೂಲ್ ಸಿಕ್ತು. ಕೋಲ್ಡ್ ರೂಮಿನ ಬಟನ್ ಮೇಲು ಯಾವುದು ಬಂದ್ರೂ ಯಾರಿಗೂ ತಲುಪಿಸಬೇಡ, ಪಕ್ಕಕ್ಕೆ ಹಾಕು ಅಂತ. ಸುಮ್ಮಸುಮ್ಮನೆ ಮೇಲ್ ಬಂದು ನಿದ್ದೆ ಕೆಡ್ತದೆ ಅಂತ ನಾಗರಾಜು ಹಾಕಿಸಿದ್ದು. ಪಕ್ಕಕ್ಕೆ ಬಿದ್ದ ರಾಶೀಲಿ ಆ ರಾತ್ರಿಯ ಮೇಲುಗಳೆಲ್ಲ ಹಂಗೇ ಇದ್ದವು. ನಾಲ್ಕನೇ ರೂಮು, ನಾಲ್ಕನೇ ರೂಮು, ನಾಲ್ಕನೇ ರೂಮು... ಮೊದಮೊದಲು ಒಂದರ ಹಿಂದೆ ಒಂದು. ಆಮೇಲೆ ತಡೆದು ತಡೆದು. ಬೆಳಗಿನ ಜಾವಕ್ಕೆ ಒಂದು. ಆಮೇಲೆ ಇಲ್ಲ.

ಸಿದ್ಧಾರ್ಥ ಎದ್ದ. ನೇರ ನಾಗರಾಜು ಮುಂದೆ ಹೋಗಿ ನಿಂತ. ನಾಗರಾಜು ಈ ಸಲ ಕೂಗಾಡಲಿಲ್ಲ. ಎದ್ದು ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳ್ದ.

“ಅಳಿಸಾಕು. ಇಲ್ಲಾಂದ್ರೆ ಆ ಮೇಲುಗಳನ್ನೆಲ್ಲ ಹುಟ್ಟಿಸಿದ್ದೇ ನೀನು ಅಂತ ಬರೀತೀನಿ. ಜನ ನನ್ನ ನಂಬ್ತಾರೋ, ನಿನ್ನ ನಂಬ್ತಾರೋ ನೋಡಾನ.”

ಸಿದ್ಧಾರ್ಥ ಹೊರಗೆ ಬಂದು ಕಂಪ್ಯೂಟರ್ ಮುಂದೆ ಕೂತ. ಅಳಿಸಲಿಲ್ಲ. ರೂಲ್ ಕಿತ್ತು ಹಾಕಿ, ತಡೆದಿಟ್ಟಿದ್ದ ಮೇಲುಗಳನ್ನೆಲ್ಲ ಬಿಟ್ಬುಟ್ಟ.

ನಾಗರಾಜು ಕ್ಯಾಬಿನ್ನಿನಲ್ಲಿ ಟಿಂಗ್. ಟಿಂಗ್ ಟಿಂಗ್ ಟಿಂಗ್... ನಿಲ್ಲೋದೇ ಇಲ್ಲ. ಫೋನು ಗೋಡೆಗೆ ಬಡಿದ ಸದ್ದು, ಗಾಜು ಚೂರಾದ ಸದ್ದು. ಆದ್ರೂ ಟಿಂಗ್.

ನಾಗರಾಜು ಹೊರಗೆ ಬಂದಾಗ ಮುಖ ಕಪ್ಪಿಟ್ಟಿತ್ತು. “ಬಾರ್ಲಾ... ಆ ರೂಮಲ್ಲಿ ಯಾವನವ್ನೆ, ತೋರಿಸ್ತೀನಿ.” ಆಗಲೇ ಕತ್ತಲಾಗಿತ್ತು. ರಾಮಲಿಂಗಯ್ಯ ಬ್ಯಾಟರಿ ಹಿಡಿದು ಹಿಂದೆ ಬಂದ, ಬ್ಯಾಡಿ ಸಾಮಿ ಅಂತ ಮೆಲ್ಲಗೆ ಅಂದ. ಕೇಳೋರು ಯಾರು. ಚಿಲಕ ಕಿರ್ ಅಂತು. ಒಳಗೆ ಸೆಕೆ, ಕೊಳೆತ ಮಾವಿನ ವಾಸನೆ, ಬರೀ ಗೋಡೆ. ನಾಗರಾಜು ಒಳಗೆ ಹೋಗಿ ನಡುಮಧ್ಯ ನಿಂತು, ಇವರ ಕಡೆ ತಿರುಗಿ ನಕ್ಕ.

ಬಾಗಿಲನ್ನ ಯಾರೂ ಮುಟ್ಟಲಿಲ್ಲ. ಧಡ್.

ಎಳೆದ್ರೆ ಅಲ್ಲಾಡಲ್ಲ. ಒಳಗಿಂದ ದಬದಬ ದಬದಬ ಅಂತ ಬಡಿತ, ತೆಗೀರೋ ಅಂತ ನಾಗರಾಜು ಅರಚಾಟ. ರಾಮಲಿಂಗಯ್ಯ ಹಾರೆ ತರೋಕೆ ಓಡಿದ. ಸಿದ್ಧಾರ್ಥ ಬಾಗಿಲಿಗೆ ಕಿವಿ ಇಟ್ಟ. ಆ ಬಡಿತದ ನಡುವೆ ಇನ್ನೊಂದು ಕೈ ಬಡೀತಿತ್ತು. ನಿಧಾನಕ್ಕೆ. ದಬ್... ದಬ್... ಆಮೇಲೆ ಆವತ್ತು ಬಾವಿಯಿಂದ ಕೇಳಿದ್ದ ಅದೇ ತಣ್ಣನೆ ದನಿ, ಸಮಾಧಾನ ಹೇಳೋ ಹಂಗೆ.

“ಯಾರೂ ಬರಲ್ಲ ಸಾರ್.”

ಹಾರೆ ಹಾಕಿ ಮೀಟಿ ತೆಗೆದಾಗ ನಾಗರಾಜು ಮೂಲೇಲಿ ಮುದುರಿ ಕೂತಿದ್ದ. ಹುಬ್ಬಿನ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಬೆರಳ ತುದಿ ಕಪ್ಪಾಗಿತ್ತು. ವೈರ್ ಕತ್ತರಿಸಿದ ರೂಮು ಕಣ್ರಪ್ಪ ಅದು! ಅವನನ್ನ ಹೊತ್ತು ತಂದು ಕಾರಲ್ಲಿ ಮಲಗಿಸ್ತಿದ್ದಂಗೆ ಸಿದ್ಧಾರ್ಥನ ಫೋನು... ಟಿಂಗ್.

‘ನಾಲ್ಕನೇ ರೂಮು. ಬಾಗಿಲು ತೆರೆದಿದೆ. ಒಳಗೆ: ಇಬ್ಬರು.’

ಅಲ್ಲಿಗೆ ಸಿದ್ಧಾರ್ಥ ಕೆಲಸ ಬಿಟ್ಟ. ಬಿಡೋಕೆ ಮುಂಚೆ ಆ ಮೇಲುಗಳನ್ನೆಲ್ಲ ಪ್ರಿಂಟ್ ಹಾಕ್ಸಿ ಸಾಬೀರ್ ಹೆಂಡ್ತಿ ಕೆಹಕಶಾನ್ ಕೈಗೆ ಕೊಟ್ಟು ಬಂದ. ಆಯಮ್ಮ ಒಂದೊಂದನ್ನೂ ಓದಿಸ್ಕೊಂಡ್ಲಂತೆ. ಅಳಲಿಲ್ಲವಂತೆ. ಕೊನೇದು ಯಾವ ಹೊತ್ತಿಗೆ ಬಂದಿದ್ದು ಅಂತ ಮಾತ್ರ ಕೇಳಿದ್ಲಂತೆ. ಈಗ ಕೇಸು ನಡೀತೈತೆ.

ನಾಗರಾಜು ಬದುಕಿದ್ದಾನೆ. ಆಸ್ಪತ್ರೇಲಿ ಎರಡು ಬೆರಳು ತೆಗೆದ್ರು. ಈಗ ಕೋಡಿಹಳ್ಳಿ ಹತ್ರ ಮಾವನ ಮನೇಲಿದ್ದಾನೆ. ಈ ಮೇ ತಿಂಗಳು ಅವನ ಹೆಂಡ್ತಿ ಒಂದ್ಸಲ ಬಂದು ನೋಡಿ ಅಂತ ಹೇಳಿಕಳ್ಸಿದ್ಲು ಅಂತ ಸಿದ್ಧಾರ್ಥನ ಜೊತೆ ನಾನೂ ನೋಡೋಕೆ ಹೋಗಿದ್ದೆ. ರಾತ್ರಿ ಅಲ್ಲೇ ಉಳ್ಕೊಂಡ್ವಿ. ಎಂಥ ಧಗೆ ಅಂದ್ರೆ, ನಾವು ಚಾಪೆ ತಗೊಂಡು ಹೊರಗಡೆ ಜಗಲಿ ಮೇಲೆ ಮಲಗಿದ್ವಿ. ಬೆಳಿಗ್ಗೆ ನಾಗರಾಜು ಹೆಂಡ್ತಿ ಅವನು ಮಲಗೋ ಕೋಣೆಯಿಂದ ಕುಡಿಯೋ ನೀರಿನ ಚೊಂಬು ತಂದು ಅಂಗಳದಲ್ಲಿಟ್ಟು, ದಿನಾ ಮಾಡೋ ಕೆಲಸ ಅನ್ನೋ ಹಂಗೆ ಒಳಗೆ ಹೋದ್ಲು. ನಾನು ಬಗ್ಗಿ ನೋಡ್ದೆ. ನೀರಿನ ಮೇಲೆ ತೆಳ್ಳಗೆ ಐಸು ಕಟ್ಟಿತ್ತು. ಆ ಮನೇಲಿ ಫ್ರಿಜ್ಜಿಲ್ಲ. ಸುಳ್ಳಲ್ಲ, ಈ ಬೆರಳಲ್ಲೇ ಒತ್ತಿದ್ದು... ಚಿಟ್ ಅಂತ ಒಡೀತು.