ಮ್ಯಾಲಿನ ಸಾ

ಮಾನ್ವಿ ಬಸ್ಸು ಪ್ರಿಯದರ್ಶಿನಿನ್ನ ಕಲ್ಲೂರಿನಾಗ ಇಳಿಸಿ ಹೋದಾಗ ರಾತ್ರಿ ಒಂಬತ್ತು ದಾಟಿತ್ತು. ನಿಮಗ ಆಕಿ ಗೊತ್ತಿರಲಿಕ್ಕಿಲ್ಲ. ನಮ್ಮ ಮನಿ ಮಗ್ಗಲದ ಯಮನಮ್ಮನ ಮಗಳು. ಮಾನ್ವಿಯಾಗ ಒಂದು ಕಾಲೇಜಿನಾಗ ಫಿಸಿಕ್ಸ್ ಕಲಸ್ತಾಳ. ಓಣಿಗೆಲ್ಲ ಮೊದಲ ಎಮ್ಮೆಸ್ಸಿ ಆಕೀನ, ಅದನ್ನ ಮಾರಿ ಮ್ಯಾಲ ಬರಕೊಂಡು ಅಡ್ಡಾಡಾಕಿ. ಯಾರರ ಆರಾಮ ಏನವ್ವಾ ಅಂದ್ರ ಮೂಗಿಲೆ ಜವಾಬು ಕೊಡ್ತಿದ್ಲು.

ಬಸ್ಸಿಳಿದು ಮನಿಗೆ ಹೋಗಬೇಕಂದ್ರ ಹಳೇ ಸೇದೋ ಬಾವಿ ದಾಟಬೇಕು. ಇಕ್ಕಟ್ಟಿನ ಬಾವಿ, ಸುತ್ತ ಕಲ್ಲು ಕಟ್ಟ್ಯಾರ, ನೀರು ಆಳದಾಗ. ಓಣಿಗೆ ನಳ ಬಂದ ಮ್ಯಾಲ ಅಲ್ಲಿ ಯಾರೂ ಕೊಡ ಇಳಸಂಗಿಲ್ಲ. ಗದ್ದಿಯಾಗ ಕಪ್ಪಿ ವಟವಟ ಅಂತಿದ್ವು… ಆಕಿ ಚಪ್ಪಲಿ ಟಪ್, ಟಪ್ ಅಂತಿದ್ವು… ಬಾವಿ ಹತ್ರ ಬಂದ್ಲು… ಚಪ್ಪಲಿ ಸದ್ದು ನಿಂತಿತು.

ಬಾವಿ ಕಟ್ಟಿ ಮ್ಯಾಲ ಯಾರೋ ಕುಂತಿದ್ರು. ತೆಲಿ ಮ್ಯಾಲ ಸೆರಗು. ಬಾಗಿ, ಮಾರಿ ಒಳಗ ಹಾಕಿ…

"ಹೂಂ…" ಅಂತ ತೆಗ್ಗಿನ ದನಿ, ಬೀಸೋ ಕಲ್ಲು ತಿರುಗಿದಂಗ.

ಆಮ್ಯಾಲ ಒಳಗಿಂದ… ತೆಳ್ಳಗ… "ಊಂ…"

"ಯವ್ವಾ. ಮನಿಗಿ ನಡಿ."

"ಶ್… ಸುಮ್ಕಿರು. ಹಾಡಾಕತ್ತಾಳ."

"ಯಾರು?"

"ನಿಮ್ಮಕ್ಕ."

ಪ್ರಿಯದರ್ಶಿನಿಗೆ ಹೆದರಿಕಿ ಬರಲಿಲ್ಲ, ಹೇಸಿಕಿ ಬಂತು. ಅವ್ವನ ರಟ್ಟಿ ಹಿಡದು ಮನಿತನಕ ಎಳಕೊಂಡು ಹೋದ್ಲು.

ಅಕ್ಕ ಅಂದ್ರ ಸುಮಂಗಲಾ. ಯಮನಮ್ಮನ ಮೊದಲ ಮಗಳು. ಪ್ರಿಯದರ್ಶಿನಿ ಹುಟ್ಟೋದಕ್ಕ ಒಂದು ವರ್ಷ ಮೊದಲ ಆ ಬಾವಿಗಿ ಬಿದ್ದು ಸತ್ತಾಕಿ. ಏಳು ವರ್ಷದ ಕೂಸು. ಯಮನಮ್ಮ ಆವಾಗ ನಾಟಿ ಹಚ್ಚಾಕ ಹೋಗ್ತಿದ್ಲು, ಸಾಲಿನಾಗ ಹಾಡು ಎತ್ತಾಕಿ ಈಕೀನ. ಅವ್ವ ಕೆಳಗ ಹಿಡದ್ರ ಮಗಳು ಬದುವಿನ ಮ್ಯಾಲ ಕುಂತು ಅದ ದನಿ ಮ್ಯಾಲಿನ ಸಾದಾಗ ಹಿಡಿತಿತ್ತು, ಒಂದು ಕೂದಲಷ್ಟು ಅತ್ಲಾಗ ಇತ್ಲಾಗ ಆಗಲಾರ್ದಂಗ. ಒಂದಿನ ಮಧ್ಯಾಹ್ನ ಅವ್ವಗ ನೀರಡಿಕಿ ಆಗ್ಯಾದಂತ ತಾನ ಕೊಡ ತೊಗೊಂಡು ಹೋತು. ಹಗ್ಗ ಜಗ್ಗುವಾಗ ಕಾಲು ಜಾರಿತು. ಅಷ್ಟ.

ಮರುದಿನ ಪ್ರಿಯದರ್ಶಿನಿ ಅವ್ವನ ಎದುರಿಗಿ ಕುಂತು, ದಡ್ಡ ಹುಡುಗರಿಗಿ ಹೇಳಿದಂಗ ಹೇಳಿದ್ಲು.

"ನೋಡು. ಒಂದು ಸದ್ದಿನ ಹೊಟ್ಟಿಯಾಗ ಮತ್ತಷ್ಟು ಸದ್ದು ಇರ್ತಾವು. ಎರಡು ಪಟ್ಟಿಂದು, ಮೂರು ಪಟ್ಟಿಂದು, ನಾಕು ಪಟ್ಟಿಂದು. ಅವಕ್ಕ ಹಾರ್ಮೋನಿಕ್ಸ್ ಅಂತಾರ. ಬಾವಿ ಅಂದ್ರ ಒಂದು ಪೈಪ್, ಮ್ಯಾಲ ಬಾಯಿ ತೆರದದ, ಕೆಳಗ ನೀರು ಮುಚ್ಚ್ಯದ. ಅಂಥ ಪೈಪ್ ಮೂರು ಪಟ್ಟಿಂದು, ಐದು ಪಟ್ಟಿಂದು ಹಿಡಕೊಂಡು ಗುಂಯ್ ಅಂತದ. ನೀ ಕೇಳೋದು ನಿನ್ನ ದನೀನ. ತಿಳೀತಾ?"

"ತಿಳೀತವ್ವಾ," ಅಂದ್ಲು ಯಮನಮ್ಮ. "ಆಕಿಗೂ ಒಂದೀಟು ಕಲಸು. ಸಾಲಿಗಿ ಹೋಗಿದ್ದು ಒಂದ ವರ್ಷ, ಆಕಿ."

ಇಂಥಾಕಿ ಕೂಡ ಏನು ಮಾತಾಡೋದು? ಆದ್ರ ಊರ ಬಾಯಿ ಬಸ್ಸು ಹತ್ತಿ ಮಾನ್ವಿಗೂ ಹೋಗಿತ್ತು. ಒಂದಿನ ಸ್ಟಾಫ್ ರೂಮಿನಾಗ ಕೆಮಿಸ್ಟ್ರಿ ಪರ್ವೇಜ್ ಸರ್, ಚಾ ಕುಡಕೋತ, "ಮೇಡಂ, ನಿಮ್ಮ ತಾಯಿಯೋರು ಬಾವಿ ಕೂಡ ಜುಗಲ್‌ಬಂದಿ ಮಾಡ್ತಾರಂತಲ್ರೀ?" ಅಂದ. ಎಲ್ಲಾರೂ ನಕ್ಕರು. ಹಲ್ಲಿ ಲೊಚಗುಟ್ಟಿದ್ರ ಸಹಿ ಮಾಡೋ ಪೆನ್ನು ಕೆಳಗಿಡೋ ಪ್ರಿನ್ಸಿಪಾಲ್ ಸೈತ ನಕ್ಕ. ಅದು ಆಕಿಗಿ ಕರುಳಿಗಿ ಚುಚ್ಚಿತು.

ಅವತ್ತ ಸಂಜಿ ಪಂಚಾಯ್ತಿ ಮೆಂಬರ್ ಪಂಪಾಪತಿ ಹತ್ರ ಹೋಗಿ, ಬಾವಿ ಮ್ಯಾಲ ಸಿಮೆಂಟಿನ ಹಾಸು ಹಾಕಿ ಮುಚ್ಚ್ರಿ ಅಂದ್ಲು.

ಪಂಪಾಪತಿ ಕಿವಿ ತುರಿಸ್ಕೊಂಡ. "ಒಳಗ ಮಂದಿ ಇಟಗೊಂಡು ಮ್ಯಾಲ ಮುಚ್ಚಂದ್ರ ಹೆಂಗವ್ವಾ?"

"ಯಾವ ಮಂದಿ? ಒಳಗ ಯಾರೂ ಇಲ್ಲಂತ ಬರದು ಕೊಟ್ರ ಮುಚ್ತೀರೇನು?"

"ಯಾರು ಬರದು ಕೊಡ್ತಾರ?"

"ನಾ ಕೊಡ್ತೀನಿ. ಅಳತಿ ಮಾಡಿ, ಸಹಿ ಹಾಕಿ."

"ತಾ ನೋಡೂಣ," ಅಂದ ಪಂಪಾಪತಿ. ಓದಿದೋರ ಕೂಡ ಯಾರು ತಲಿ ಒಡಕೋಬೇಕು?

ಅಳತಿಗೆ ಫೋನಿನಾಗ ಆ್ಯಪ್ ಇತ್ತು. ದನಿ ಎಷ್ಟು ಪಟ್ಟಿಂದು ಅನ್ನೋದನ್ನ ಗೀಟು ಹಾಕಿ ತೋರಸ್ತದ. ಆದ್ರ ಒಂದ ಸಮ ದನಿ ಕೊಡಾಕ ಯಾರರ ಬೇಕಾಗಿತ್ತು. ಅದಕ್ಕ ಅಮೀರ್ ಸಾಬ್ರಿಗಿ ಹೇಳಿ ಕಳಿಸಿದ್ಲು. ಅವರು ರಾಯಚೂರಿನ ತೀನ್ ಕಂದೀಲ್ ಕಡಿಯೋರು, ಹಾರ್ಮೋನಿಯಂ ಪೇಟಿ ರಿಪೇರಿ ಮಾಡೋ ಮುದುಕ. ಕಣ್ಣು ಮಂದ, ಕಿವಿ ಮಾತ್ರ ಬಲು ಚುರುಕು. ಮಗ್ಗಲ ಮನಿಯಾಗ ಪೇಟಿ ಬಾರಿಸಿದ್ರ, ಬೆರಳಿಲೆ ಒತ್ತೋ ಯಾವ ಮನಿ ದನಿ ಬಿಟ್ಟದ ಅಂತ ಕುಂತಲ್ಲೇ ಹೇಳಾಂವ. ದೇವದುರ್ಗದಾಗ ಒಂದು ಭಜನಿ ಮಂಡಳಿ ಪೇಟಿ ಸರಿ ಮಾಡಿ ವಾಪಸ್ ಹೋಗುವಾಗ ಕಲ್ಲೂರಿನಾಗ ಇಳದ್ರು. ಆಕಿಗಿ ಬೇಕಾಗಿದ್ದು ಮುದುಕನ ಕಿವಿ. ಮುದುಕ ಬೇಕಾಗಿರಲಿಲ್ಲ. ಕುಂದ್ರಿ ಅಂತ ಸೈತ ಅನಲಿಲ್ಲ.

ಯಮನಮ್ಮ ಅವತ್ತ ಊರಾಗ ಇರಲಿಲ್ಲ. ಪೋತ್ನಾಳದಾಗ ತನ್ನ ತಮ್ಮ ತಾಯಣ್ಣನ ಮನಿಗಿ ಹೋಗಿದ್ಲು. ಬೇಕಂತನ ಆ ದಿನ ಹಿಡದಿದ್ಲು ಮಗಳು. ಹಗಲ ಹೋದ್ರ ಪಂಪ್‌ಸೆಟ್ ಗುರ್ ಅಂತಾವು, ರೋಡಿನಾಗ ಲಾರಿ. ಹೊಲದ ಕರೆಂಟ್ ಹೋಗಿ ಊರು ತಣ್ಣಗಾಗೋ ತನಕ ಕಾದು, ಇಬ್ಬರೂ ಬಾವಿ ಕಟ್ಟಿಗಿ ಬಂದ್ರು.

ಅಮೀರ್ ಸಾಬ್ ಪೇಟಿ ಇಟ್ಟರು. ಭಸ್… ಭಸ್… ತಿದಿ ಒತ್ತಿದ್ರು. ಒಂದು ಮನಿ ಹಿಡದ್ರು. ಪೇಂ… ಅಂತ ಸಾ ಬಾವಿಯೊಳಗ ಇಳೀತು.

"ನಿಲ್ಲಸ್ರಿ."

ಪೇಟಿ ನಿಂತಿತು. ಬಾವಿ ನಿಲ್ಲಲಿಲ್ಲ. ಹೂಂ… ಅಂತ ಒಂದು ಚಣ… ಅದರ ಮ್ಯಾಲ, ತಂತಿ ಜಗ್ಗಿದಂಗ, ಯೀಂ…

"ಸಾ," ಅಂದ್ರು ಅಮೀರ್ ಸಾಬ್ ಪಿಸುದನಿಲೆ. "ಮ್ಯಾಲ ಪ."

"ಮ್ಯಾಲಿನ ಸಾ ಬಂತೇನು?"

"ಇಲ್ರೀ."

ಫೋನಿನಾಗೂ ಹಂಗ. ಒಂದು ಪಟ್ಟಿಗಿ ಒಂದು ಗೀಟು, ಮೂರಕ್ಕ ಒಂದು. ನಡುವ ಖಾಲಿ. ಪ್ರಿಯದರ್ಶಿನಿ ನಕ್ಕಳು. "ಮ್ಯಾಲಿನ ಸಾ ಅಂದ್ರ ಎರಡು ಪಟ್ಟಿಂದು, ಸಾಬ್ರೇ. ಅದನ್ನ ಈ ಬಾವಿ ಹಿಡಿಯಂಗನ ಇಲ್ಲ. ಬ್ರಹ್ಮ ಬಂದ್ರೂ ಹಿಡಿಯಂಗಿಲ್ಲ. ಇಷ್ಟು ತಿಳಿಯಲಾರ್ದ ಮಂದಿ ಮೂವತ್ತು ವರ್ಷದಿಂದ ಹೆದರಿ ಸಾಯಾಕತ್ತಾರ."

ಅಮೀರ್ ಸಾಬ್ ಮತ್ತ ತಿದಿ ಒತ್ತಿದ್ರು. ಮೂರು ಸರ್ತಿ ಮಾಡಿದ್ರು, ಮೂರು ಸರ್ತೀನೂ ಹಂಗ ಬಂತು. ಆಕಿ ಕಾಗದದಾಗ ಬರಕೊಂಡ್ಲು. ಅವರು ತಿದಿ ಮುಚ್ಚಿ ಕೊಂಡಿ ಹಾಕಿದ್ರು. ಖಟ್.

ಆವಾಗ… ಕಪ್ಪಿ ಸದ್ದು ನಿಂತಿತು. ಎಲ್ಲಾ ಒಮ್ಮೆಕ್ಕ.

"ಊಂ…"

ತೆಳ್ಳನ ದನಿ. ಒಂಚೂರೂ ನಡುಗಲಿಲ್ಲ.

ಅಮೀರ್ ಸಾಬ್ ಎರಡೂ ಕೈ ಎತ್ತಿ ತೋರಿಸಿದ್ರು. "ಮೇಡಂ… ನಾ ಏನೂ ಮುಟ್ಟಿಲ್ಲ. ಇದು ಮ್ಯಾಲಿನ ಸಾ."

"ನಿಮ್ಮ ಪೇಟಿ ಗಾಳಿ ಸೋರಾಕತ್ತದ."

"ನಲವತ್ತು ವರ್ಷ ಆತು. ನನ್ನ ಪೇಟಿ ಸೋರಿಲ್ಲ."

ಆಕಿ ಫೋನ್ ನೋಡಿದ್ಲು. ಒಂದ ಗೀಟು ಇತ್ತು, ಎರಡು ಪಟ್ಟಿನ ಜಾಗದಾಗ. ಕೆಳಗಿನ ಸಾ ಇಲ್ಲ, ಪ ಇಲ್ಲ. ತಾಯಿ ದನಿ ಇಲ್ಲದ ಬರೀ ಕೂಸಿನ ದನಿ. ಟವರಿನ ಜನರೇಟರ್ ಇರಬೇಕು ಅಂದ್ಲು. ಕರೆಂಟ್ ವೈರ್ ಗಾಳಿಗಿ ಹಾಡ್ತದ ಅಂದ್ಲು. ಗಾಳಿ ಎಲ್ಲಿತ್ತು? ಒಂದು ಎಲಿ ಅಲಗ್ತಿರಲಿಲ್ಲ.

ದನಿ ನಿಂತಿತು. ಆಮ್ಯಾಲ… "ಹ್ಹ್…"

ಸಣ್ಣ ಸದ್ದು, ಮೂಗಿಲೆ ಒಳಗ ಎಳಕೊಂಡಂಗ. ಮತ್ತ… "ಊಂ…"

"ಉಸ್ರು ತೊಗೊಂಡ್ಲು," ಅಂದ್ರು ಅಮೀರ್ ಸಾಬ್.

ಪ್ರಿಯದರ್ಶಿನಿ ಫೋನಿನ ಬ್ಯಾಟರಿ ಹಚ್ಚಿ ಒಳಗ ಬೆಳಕು ಬಿಟ್ಟಳು. ಕಲ್ಲು, ಪಾಚಿ, ಕೆಳಗ ತಾಟಿನಂಗ ನೀರು, ಅಲಿ ಇಲ್ಲ. ಯಾರೂ ಇಲ್ಲ. ಬೆಳಕಿನಾಗ, ಆಕಿ ಕಣ್ಣ ಮುಂದ, ಆ ಖಾಲಿ ಬಾವಿ ನಾಟಿ ಹಾಡು ಎತ್ತಿತು. ಮಾತಿಲ್ಲ, ಬರೀ ಧಾಟಿ. ಒಂದು ಸಾಲು ಹಾಡಿತು… ನಿಂತಿತು. ಕೆಳಗಿನ ದನಿಗಿ ಕಾದಂಗ. ಮತ್ತ ಅದ ಸಾಲು… ಮತ್ತ ನಿಂತಿತು.

ಬ್ಯಾರೆ ಯಾರರ ಆಗಿದ್ರ ಓಡತಿದ್ರು. ಈಕಿಗಿ ಸಿಟ್ಟು ಬಂತು. ಆ ಧಾಟಿ ಹುಟ್ಟಿದಾಗಿಂದ ಕೇಳಿ ಗೊತ್ತಿತ್ತು. ತನ್ನ ತೊಟ್ಟಿಲದ ಮುಂದ ಕುಂತು ಅವ್ವ ಅದನ್ನ ಹಾಡಾಕಿ, ಒಂದು ಸಾಲಿಗಿ ನಿಲ್ಲಾಕಿ, ಬಾಗಲ ಕಡಿ ನೋಡಾಕಿ. ಕಟ್ಟಿ ಮ್ಯಾಲ ಎರಡೂ ಕೈ ಊರಿ ಬಾವಿಯೊಳಗ ಬಾಗಿ ಒದರಿದ್ಲು.

"ಸಾಕು ಮಾಡು! ಏಳು ವರ್ಷ ಬದುಕಿದಾಕಿಗಿ ಇಷ್ಟು ಸೊಕ್ಕೇನು? ಬಿಎಸ್ಸಿ ಮಾಡಿದೆ, ಎಮ್ಮೆಸ್ಸಿ ಮಾಡಿದೆ, ನೌಕರಿ ಹಿಡದೆ, ಇವತ್ತಿಗೂ ನಮ್ಮವ್ವ ನನ್ನ ಕರಿಯಾಕ ಹೋಗಿ ನಿನ್ನ ಹೆಸರು ಹಿಡಿತಾಳ! ಸತ್ತೀ. ಸತ್ತೋರಂಗ ಇರು. ಬಾಯಿ ಮುಚ್ಚು!"

ಮುಚ್ಚಿತು.

ಗಂಟಿ ದನಿ ಸಣ್ಣಗಾಗ್ತಾ ಹೋಗ್ತದಲ್ಲ, ಹಂಗ ಅಲ್ಲ. ಬಾಯಿ ಮ್ಯಾಲ ಕೈ ಇಟ್ಟಂಗ, ಅಲ್ಲಿಗಲ್ಲೇ. ಆಕಿ ಅಷ್ಟು ಒದರಿದ್ದು ಸೈತ ತಿರುಗಿ ಬರಲಿಲ್ಲ. ಬಾವಿ ಗಪ್.

ಅಮೀರ್ ಸಾಬ್ ಪೇಟಿ ಎತ್ತಿ ಹೆಗಲಿಗಿ ಹಾಕ್ಕೊಂಡ್ರು.

"ಬೇಟಿ… ಪೈಪ್ ಹೇಳಿದ ಮಾತು ಕೇಳ್ತದೇನು?"

ಅಷ್ಟಂದು, ಕತ್ತಲದಾಗ ರೋಡಿನ ಕಡಿ ನಡದುಬಿಟ್ರು.

ಆಕಿ ಮನಿಗಿ ಬಂದು ಬಾಗಲ ಹಾಕಿ ಕುಂತ್ಲು. ಫೋನಿನಾಗ ಎಲ್ಲಾ ರೆಕಾರ್ಡ್ ಆಗಿತ್ತು, ಅದನ್ನ ಅಳಿಸಿ ಹಾಕಿದ್ಲು. ಮುಂದ ಯಾರರ ಕೇಳಿದ್ರ ಫೋನಿನಾಗ ಜಾಗ ಇರಲಿಲ್ಲ ಅಂತಿದ್ಲು. ಅಳತಿ ಪ್ರಕಾರ ನಡಿಯೋರ ಮಾತು ನೋಡ್ರಿ!

ನಸುಕಿನಾಗ ಫೋನ್ ಬಂತು. ಪೋತ್ನಾಳದಿಂದ, ಯಮನಮ್ಮ.

"ರಾತ್ರಿ ಆಕಿಗಿ ಯಾಕ ಬೈದೆವ್ವಾ?"

"ಯಾರು ಹೇಳಿದ್ರು ನಿನಗ?"

ಯಾರು ಹೇಳ್ತಾರ? ಅಮೀರ್ ಸಾಬ್ರಿಗಿ ಯಮನಮ್ಮನ ಗುರ್ತ ಇಲ್ಲ, ನಂಬರ್ ಗೊತ್ತಿಲ್ಲ.

"ಯಾರೂ ಹೇಳಿಲ್ಲ. ಇಲ್ಲೇ ಬಂದು ಕುಂತಾಳ, ನನ್ನ ಮಗ್ಗಲದಾಗ. ಬಾಯಿ ಮ್ಯಾಲ ಎರಡೂ ಕೈ ಇಟಗೊಂಡಾಳ. ತಗೀ ಅಂದ್ರ ತಗೀವಲ್ಲಳು." ಆಮ್ಯಾಲ ದನಿ ಇಳಿಸಿ, "ತಂಗಿ ಹೇಳಿದ್ರ ಕೇಳ್ತಾಳ. ತಗೀ ಅಂತ ನೀನ ಹೇಳವ್ವಾ. ಫೋನ್ ಹಿಡಿತೀನಿ ಆಕಿ ಕಿವಿಗಿ," ಅಂದ್ಲು.

ಪ್ರಿಯದರ್ಶಿನಿ ಏನು ಹೇಳಿದ್ಲು? ಅದನ್ನ ಆಕಿ ಯಾರ ಮುಂದನೂ ಹೇಳಿಲ್ಲ. ಗ್ವಾಡಿ ಆ ಕಡಿಗಿ ನಾವಿದ್ವಿ. ಭಾಳ ಹೊತ್ತು ಅತ್ತಿದ್ದು ಕೇಳಿಸ್ತು. ಅಕ್ಕಾ… ಅಂದಿದ್ದೂ ಕೇಳಿಸ್ತು. ಅಷ್ಟ.

ಬಾವಿಗಿ ಹಾಸು ಬೀಳಲಿಲ್ಲ. ಒಳಗ ಯಾರೂ ಇಲ್ಲಂತ ಬರದು ತಂದಿಯೇನವ್ವಾ ಅಂತ ಪಂಪಾಪತಿ ಕೇಳಿದ್ರ, "ಈಗ ಇಲ್ಲ" ಅಂತಷ್ಟ ಅಂದು ಹೋದ್ಲಂತ. ಖರೇನ ಇಲ್ಲ. ಕಲ್ಲು ಒಗದ್ರ ಡುಬ್ ಅಂತದ. ಆದ್ರ ಬಾಗಿ ಕೂಗ್ರಿ, ಹಾಡ್ರಿ, ಬೇಕಾದಷ್ಟು ಒದರ್ರಿ. ಒಂದು ಪಟ್ಟಿಂದಿಲ್ಲ, ಮೂರು ಪಟ್ಟಿಂದಿಲ್ಲ, ನಿಮ್ಮ ದನಿ ನಿಮಗ ವಾಪಸ್ ಬರಂಗಿಲ್ಲ. ಪಾಚಿ ಹೀರಕೋತದ ಅಂತಾಳ ನಮ್ಮ ಫಿಸಿಕ್ಸ್ ಮೇಡಂ. ಆಗಲಿ, ಪಾಚಿ ಮೊದಲೂ ಇತ್ತಲ್ಲವ್ವಾ ಅಂದ್ರ ಮಾರಿ ತಿರುವತಾಳ.

ನಂಬಬ್ಯಾಡ್ರಿ ಹಂಗಾರ. ನನಗೇನು. ನಾ ಕಂಡಿದ್ದು ಹೇಳ್ತೀನಿ. ಆ ಫೋನ್ ಬಂದ ದಿನ ಮಧ್ಯಾಹ್ನ ಯಮನಮ್ಮ ಪೋತ್ನಾಳದಿಂದ ವಾಪಸ್ ಬಂದಾಗ ಬಸ್‌ಸ್ಟ್ಯಾಂಡಿನಾಗ ನಾನ ಇದ್ದೆ. ಆಕಿ ಚೀಲ ನಾನ ಇಳಿಸಿಕೊಂಡೆ. ಹೆಣಮಕ್ಕಳಿಗಿ ಬಸ್ಸಿನಾಗ ಈಗ ರೊಕ್ಕ ಇಲ್ಲ, ಬಿಟ್ಟಿ ಟಿಕೆಟ್ ಹರದು ಕೊಡ್ತಾರಲ್ಲ… ಯಮನಮ್ಮನ ಮುಷ್ಟಿಯಾಗ ಎರಡು ಇದ್ವು.

"ಎರಡು ಯಾಕ ಕೇಳಿದಿ?" ಅಂದೆ.

"ನಾ ಕೇಳಿಲ್ಲೋ ಯಪ್ಪಾ," ಅಂದ್ಲು. "ಕಂಡಕ್ಟರ್ ತಾನ ಕೊಟ್ಟ. ಕೂಸಿನ್ನ ಕಿಡಕಿ ಕಡಿ ಕುಂದ್ರಿಸಬೇಡ ಅಂದ."